ಅಮ್ಮನ ಪಿತ್ತಕೋಶದಲ್ಲಿ 7 ಮಿ.ಮೀ. ಪಾಲಿಪ್: ಆಪರೇಷನ್ ಬೇಕಾ?

ಸುಮಾ, ಡೊಂಬಿವಲಿ
ಅಮ್ಮನಿಗೆ 58 ವರ್ಷ. ಕುಂದಾಪುರದಿಂದ ಬಂದು ಈಗ ನಮ್ಮ ಜೊತೆಗೇ ಇದ್ದಾರೆ. ಹೊಟ್ಟೆ ಉಬ್ಬರ ಅಂತ ಸೋನೋಗ್ರಫಿ ಮಾಡಿಸಿದೆವು. ಪಿತ್ತಕೋಶದಲ್ಲಿ 7 ಮಿ.ಮೀ.ನ ಒಂದು ಪಾಲಿಪ್ (ಒಳಗೋಡೆಯಿಂದ ಚಾಚಿದ ಸಣ್ಣ ಗಂಟು) ಇದೆ, ಕಲ್ಲಿಲ್ಲ ಅಂತ ರಿಪೋರ್ಟ್ ಬಂತು. ಫ್ಯಾಮಿಲಿ ಡಾಕ್ಟರು 10 ಆಗುವ ತನಕ ಚಿಂತೆ ಬೇಡ ಅಂದರು. ಸರ್ಜನ್ ತೆಗೆಸಿಬಿಡಿ ಅನ್ನುತ್ತಾರೆ. ಅಮ್ಮ ಇದು ಕ್ಯಾನ್ಸರೇ ಅಂತ ಹೆದರಿ ಸರಿಯಾಗಿ ಊಟವನ್ನೇ ಮಾಡುತ್ತಿಲ್ಲ. ಯಾರ ಮಾತು ಕೇಳಲಿ?

ಶಾಲಿನಿ, ಮುಲುಂಡ್
ಸುಮಾ, ಮೊದಲು ಅಮ್ಮನಿಗೆ ಧೈರ್ಯ ಹೇಳಿ ಊಟ ಮಾಡಿಸಿ. ನಾನು ಸೋನೋಗ್ರಫಿ ಮಾಡುವ ಡಾಕ್ಟರ್. ಇಂಥ ಪಾಲಿಪ್‌ಗಳಲ್ಲಿ ಹೆಚ್ಚಿನವು ಗೋಡೆಗೆ ಅಂಟಿಕೊಂಡ ಕೊಲೆಸ್ಟ್ರಾಲ್ ಅಷ್ಟೇ.

10 ಮಿ.ಮೀ. ಅಥವಾ ಜಾಸ್ತಿ ಇದ್ದು, ಆಪರೇಷನ್ ತಾಳಿಕೊಳ್ಳುವ ಆರೋಗ್ಯ ಇದ್ದರೆ, ತೆಗೆಸಿ ಅಂತಲೇ ಹೇಳುತ್ತೇವೆ. ತಲೆನೋವು 6ರಿಂದ 9ರ ನಡುವಿನದು. ಅಲ್ಲಿ ಅಳತೆಯೊಂದೇ ಸಾಲದು. 2022ರ ಯುರೋಪಿನ ಮಾರ್ಗಸೂಚಿ ಇನ್ನೂ ನಾಲ್ಕು ವಿಷಯ ನೋಡಿ ಅನ್ನುತ್ತದೆ: ವಯಸ್ಸು 60 ದಾಟಿದೆಯಾ, ಪಿತ್ತನಾಳ ಕಿರಿದಾಗುತ್ತಾ ಹೋಗುವ ಪಿ.ಎಸ್.ಸಿ. ಕಾಯಿಲೆ ಇದೆಯಾ, ಪಾಲಿಪ್ ತೊಟ್ಟಿಲ್ಲದೆ ಗೋಡೆಗೆ ಅಗಲವಾಗಿ ಕೂತಿದೆಯಾ, ರೋಗಿ ಏಷ್ಯಾ ಮೂಲದವರಾ. ಒಂದಿದ್ದರೂ ಆಪರೇಷನ್ ಕಡೆಗೇ ಒಲವು. ಕೊನೆಯದು ನಮಗೆಲ್ಲ ಅನ್ವಯಿಸುತ್ತದೆ ಅಲ್ವಾ? ಹಾಗಾಗಿ ಸರ್ಜನ್ ಸುಮ್ನೆ ಹೇಳಿದ್ದಲ್ಲ. ಹಾಗಂತ ನಾಳೆಯೇ ಓಡಬೇಕಾಗಿಯೂ ಇಲ್ಲ. ತೊಟ್ಟಿದೆಯೋ ಇಲ್ಲವೋ, ಅಕ್ಕಪಕ್ಕ ಗೋಡೆ ದಪ್ಪವಾಗಿದೆಯೋ ಅಂತ ರಿಪೋರ್ಟಿನಲ್ಲಿ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಸರ್ಜನ್ ಹತ್ತಿರ ಅದನ್ನಿಟ್ಟುಕೊಂಡೇ ಮಾತಾಡಿ.

ಗಿರೀಶ, ಪುಣೆ
ನಮ್ಮ ಭಾವನಿಗೆ 4 ಮಿ.ಮೀ. ಇತ್ತು. ಆರು ತಿಂಗಳು, ಒಂದು ವರ್ಷ, ಎರಡು ವರ್ಷಕ್ಕೆ ಸ್ಕ್ಯಾನ್ ಮಾಡಿಸಿ ಅಂದಿದ್ದರು. ಎರಡನೇ ವರ್ಷ ಅದು ಕಾಣಲೇ ಇಲ್ಲ, ಅಲ್ಲಿಗೇ ನಿಲ್ಲಿಸಿದರು. ಒಂದೇ ಸೆಂಟರಿನಲ್ಲಿ ಮಾಡಿಸಿ ಅಕ್ಕಾ, ಹಳೇ ಫಿಲ್ಮ್ ಜೊತೆ ಹೋಲಿಸಬಹುದು.

ಶಾಲಿನಿ, ಮುಲುಂಡ್
ಸರಿಯಾಗಿ ಹೇಳಿದಿರಿ ಗಿರೀಶ್. ಎರಡು ವರ್ಷದೊಳಗೆ 2 ಮಿ.ಮೀ. ಅಥವಾ ಜಾಸ್ತಿ ಬೆಳೆದರೆ ಮತ್ತೆ ಸರ್ಜನ್ ಹತ್ತಿರ ಹೋಗಬೇಕು.

ಸುಮಾ, ಡೊಂಬಿವಲಿ
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ತೆಗೆಸಿದರೆ ಉಬ್ಬರ ಹೋಗುತ್ತಾ? ಆಮೇಲೆ ಊಟ ಜೀರ್ಣ ಆಗುತ್ತಾ?

ಶಾಲಿನಿ, ಮುಲುಂಡ್
ಉಬ್ಬರ ಹೋಗುತ್ತದೆ ಅಂತ ನಂಬಿ ಆಪರೇಷನ್ ಮಾಡಿಸಬೇಡಿ. ಅದಕ್ಕೆ ಬೇರೆ ಕಾರಣ ಇರಬಹುದು, ಮೊದಲು ಅದನ್ನು ನೋಡಿಸಿ. ಜೀರ್ಣದ ಭಯ ಬೇಡ. ಪಿತ್ತ ತಯಾರಾಗುವುದು ಲಿವರಿನಲ್ಲಿ, ಪಿತ್ತಕೋಶ ಅದನ್ನು ಕೂಡಿಡುವ ಚೀಲ ಮಾತ್ರ. ಸಾಮಾನ್ಯವಾಗಿ ದುರ್ಬೀನಿನಿಂದಲೇ, ಮೂರು ನಾಲ್ಕು ಸಣ್ಣ ತೂತುಗಳಲ್ಲಿ ತೆಗೆಯುತ್ತಾರೆ. ತೆಗೆಸಿದರೆ ಒಂದು ಮಾತು ಮರೆಯಬೇಡಿ, ಆ ಪಿತ್ತಕೋಶವನ್ನು ಬಯಾಪ್ಸಿಗೆ ಕಳಿಸಿದ್ದಾರಾ ಅಂತ ಕೇಳಿ, ರಿಪೋರ್ಟ್ ಕೈಗೆ ತೆಗೆದುಕೊಳ್ಳಿ.