ಮೊಸರು ಕುಡಿಕೆ ಅಲ್ಲ ಮಾವ, ಪೂರ್ತಿ ಕೇಳಿ

ಮಾವ, ಸ್ಪೇನ್‌ನಲ್ಲಿ ಜನ ಒಬ್ಬರ ಮೇಲೊಬ್ಬರು ನಿಂತು ಗೋಪುರ ಕಟ್ಟಿ, ತುದಿಗೆ ಒಂದು ಮಗು ಹತ್ತಿದ್ದ ಫೋಟೋ ಹಾಕಿದ್ದೆನಲ್ಲ, ಅದನ್ನು ನೋಡಿ "ಇದು ನಮ್ಮ ಮೊಸರು ಕುಡಿಕೆನೇ ಅಲ್ವಾ, ಇದರಲ್ಲೇನು ವಿಶೇಷ" ಅಂತ ಕೇಳಿದ್ದೀರಿ. ಚಿಕ್ಕಮ್ಮ ಬೇರೆ "ಆ ಮಗುವಿನ ಅಪ್ಪ ಅಮ್ಮನಿಗೆ ಬುದ್ಧಿ ಇಲ್ವಾ" ಅಂತ ಬೈದಿದ್ದಾರೆ. ಇಬ್ಬರಿಗೂ ಒಟ್ಟಿಗೇ ಉತ್ತರ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಾವು ಹೋಗಿದ್ದು ವಿಲಾಫ್ರಾಂಕಾ ದೆಲ್ ಪೆನೆದೆಸ್ ಅನ್ನೋ ಊರಿನ ಜಾತ್ರೆಗೆ. ಬಾರ್ಸಿಲೋನಾದಿಂದ ರೈಲಿನಲ್ಲಿ ಹೆಚ್ಚು ಕಡಿಮೆ ಒಂದು ಗಂಟೆ. ಸುತ್ತಲೂ ದ್ರಾಕ್ಷಿ ತೋಟ, ವೈನ್‌ಗೆ ಹೆಸರಾದ ಸೀಮೆ. ಊರಿನ ಸಂತ ಸಾಂತ್ ಫೆಲಿಕ್ಸ್, ಅವನ ಹಬ್ಬ ಆಗಸ್ಟ್ 30. ಡ್ರ್ಯಾಗನ್, ಎತ್ತರದ ರಾಜ-ರಾಣಿ ಗೊಂಬೆಗಳು, ದೆವ್ವದ ವೇಷ ಹಾಕಿ ಪಟಾಕಿ ಕಿಡಿ ಹಾರಿಸಿಕೊಂಡು ಕುಣಿಯುವವರು ಎಲ್ಲಾ ಇರುತ್ತಾರೆ. ಆದರೆ ಜನ ಮುಗಿಬೀಳುವುದು ಮಧ್ಯಾಹ್ನ ಪುರಸಭೆ ಎದುರಿನ ಚೌಕದಲ್ಲಿ ಕಟ್ಟುವ ಕಾಸ್ತೆಲ್‌ಗೆ, ಅಂದರೆ ಮನುಷ್ಯರ ಗೋಪುರಕ್ಕೆ. 2010ರಲ್ಲಿ ಯುನೆಸ್ಕೋದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿದೆ ಇದು.

ಈಗ ನಿಮ್ಮ ಮೊಸರು ಕುಡಿಕೆ ವಿಷಯ. ನಮ್ಮಲ್ಲಿ ಕುಡಿಕೆ ಒಡೆದರೆ ಮುಗೀತು, ಆಮೇಲೆ ಹೇಗೆ ಬೇಕಾದರೂ ಬೀಳಬಹುದು. ಇಲ್ಲಿ ಮೇಲೆ ಕುಡಿಕೆನೇ ಇಲ್ಲ ಮಾವ. ತುದಿಗೆ ಹತ್ತಿದ ಮಗು, ಎನ್‌ಶನೆಟ ಅಂತಾರೆ, ಒಂದು ಕೈ ಎತ್ತಿ ತೋರಿಸಿ ತಕ್ಷಣ ಆ ಕಡೆಯಿಂದ ಇಳಿಯೋಕೆ ಶುರು ಮಾಡುತ್ತೆ, ಅಷ್ಟೇ. ಅಲ್ಲಿಂದ ಒಂದೊಂದೇ ಅಂತಸ್ತು ಬಿಚ್ಚಿಕೊಂಡು ಎಲ್ಲರೂ ಕೆಳಗೆ ಬಂದರೆ ಮಾತ್ರ ಪೂರ್ತಿ ಗೆದ್ದ ಹಾಗೆ. ಕೈ ಎತ್ತಿದ ಮೇಲೆ ಕುಸಿದರೆ ಅದಕ್ಕೆ ಮರ್ಯಾದೆ ಕಮ್ಮಿ. ಅದಕ್ಕೇ ಚೌಕದಲ್ಲಿ ಜನ ಹತ್ತುವಾಗ ಉಸಿರು ಹಿಡಿದಿದ್ದಕ್ಕಿಂತ ಇಳಿಯುವಾಗ ಹಿಡಿದಿದ್ದೇ ಜಾಸ್ತಿ.

ನಾನು ಬುಡಕ್ಕೆ ಹತ್ತಿರ ನಿಂತಿದ್ದೆ. ಬುಡದ ಗುಂಪಿಗೆ ಪಿನ್ಯಾ ಅನ್ನುತ್ತಾರೆ. ನೂರಾರು ಜನ ಒಬ್ಬರ ಬೆನ್ನಿಗೆ ಒಬ್ಬರು ಎದೆ ಒತ್ತಿ, ಕೈ ಮುಂದೆ ಚಾಚಿ, ತಲೆ ತಗ್ಗಿಸಿ ನಿಲ್ಲುತ್ತಾರೆ. ಅದರಲ್ಲಿ ಅಜ್ಜಂದಿರು, ಹೆಂಗಸರು, ಕಾಲೇಜು ಹುಡುಗರು ಎಲ್ಲರೂ ಇದ್ದರು. ಅವರಿಗೆ ಮೇಲೆ ಏನಾಗುತ್ತಿದೆ ಅಂತ ಕಾಣೋದೇ ಇಲ್ಲ! ನಮ್ಮ ಶಹನಾಯಿ ತರಹದ ಗ್ರಾಲ್ಯ ಅನ್ನೋ ವಾದ್ಯ ಊದುತ್ತಾರಲ್ಲ, ಆ ರಾಗ ಕೇಳಿಯೇ ಗೋಪುರ ಎಲ್ಲಿಗೆ ಬಂತು, ಮಗು ಕೈ ಎತ್ತಿತಾ ಅಂತ ತಿಳ್ಕೊಳ್ಳೋದು. ಮೇಲೆ ಹತ್ತುವವರು ಅಂಗಿಯ ಕಾಲರನ್ನು ಹಲ್ಲಲ್ಲಿ ಕಚ್ಚಿಕೊಂಡಿರುತ್ತಾರೆ, ಕಾಲಿಟ್ಟಾಗ ಬಟ್ಟೆ ಜಾರಬಾರದು ಅಂತ. ಸೊಂಟಕ್ಕೆ ಬಿಗಿಯಾಗಿ ಸುತ್ತಿದ ಕಪ್ಪು ಬಟ್ಟೆ ಬೆನ್ನಿಗೂ ಆಸರೆ, ಹತ್ತುವವರ ಕಾಲಿಗೂ ಮೆಟ್ಟಿಲು.

ಚಿಕ್ಕಮ್ಮ, ಮಕ್ಕಳಿಗೆ ಹೆಲ್ಮೆಟ್ ಹಾಕಿರುತ್ತಾರೆ, ವರ್ಷವಿಡೀ ಅಭ್ಯಾಸ ಇರುತ್ತೆ. ನಾವಿದ್ದಾಗ ಒಂದು ಗೋಪುರ ಬಿತ್ತು ಕೂಡ. ಎಲ್ಲರೂ ಆ ಪಿನ್ಯಾ ಮೇಲೇ ಬಿದ್ದರು, ಸ್ವಲ್ಪ ಹೊತ್ತಿಗೆ ಮಗು ಎದ್ದು ಅಮ್ಮನ ಹತ್ತಿರ ನೀರು ಕೇಳುತ್ತಿತ್ತು. ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ನನ್ನ ಮಗಳನ್ನಂತೂ ಹತ್ತಿಸಲ್ಲ, ಅವಳು ಆಗಲೇ ಕೇಳಿದ್ದಾಳೆ.

ಊಟದ ಬಗ್ಗೆ ಅಜ್ಜಿ ಕೇಳಿದ್ದಕ್ಕೆ: ಉಪವಾಸ ಬೀಳಲಿಲ್ಲ. ಬ್ರೆಡ್ಡಿಗೆ ಟೊಮೇಟೊ ಉಜ್ಜಿ, ಆಲಿವ್ ಎಣ್ಣೆ, ಉಪ್ಪು ಹಾಕಿ ಕೊಡ್ತಾರೆ, ಎಲ್ಲಾ ಕಡೆ ಸಿಗುತ್ತೆ. ಸುಟ್ಟ ಬದನೆಕಾಯಿ, ದೊಣ್ಣೆಮೆಣಸಿನಕಾಯಿ ಕೂಡ ಇತ್ತು. ಖಾರ ಮಾತ್ರ ಸೊನ್ನೆ, ಉಪ್ಪಿನಕಾಯಿ ತಂದಿದ್ದು ಒಳ್ಳೇದಾಯ್ತು.

ಮಾವ, ಮುಂದಿನ ವರ್ಷ ಬರೋದಾದರೆ ವೀಸಾಗೆ ಬೇಗ ಹಾಕಿ. ಟೋಪಿ ತನ್ನಿ, ಬಿಸಿಲು ಜೋರು. ಆ ಕಿಡಿ ಹಾರಿಸುವ ದೆವ್ವಗಳ ಹತ್ತಿರ ಹೋಗೋಕೆ ಹಳೇ ಉದ್ದ ತೋಳಿನ ಹತ್ತಿ ಅಂಗಿ ಇರಲಿ, ನನ್ನ ಹೊಸ ದುಪಟ್ಟಾದಲ್ಲಿ ಈಗ ತೂತುಗಳಿವೆ.