ಸಹಾಯ ಬೇಕು: ಮೀನಿಲ್ಲದ ದಾಶಿ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಜಪಾನಿನಲ್ಲಿರುವ ಕನ್ನಡಿಗರು, ಅದರಲ್ಲೂ ಸಸ್ಯಾಹಾರಿಗಳು, ಸ್ವಲ್ಪ ದಾರಿ ತೋರಿಸಿ.

ಮುಂದಿನ ತಿಂಗಳು ಶಿರಸಿಯಿಂದ ನಮ್ಮತ್ತೆ ಒಸಾಕಾಗೆ ಬರುತ್ತಿದ್ದಾರೆ. ಮೀನು ಮುಟ್ಟುವುದಿಲ್ಲ, ಆದರೆ ಜಪಾನಿ ಅಡುಗೆಯ ರುಚಿ ನೋಡಲೇಬೇಕಂತೆ! ತೊಂದರೆ ಇರುವುದು ದಾಶಿಯಲ್ಲಿ, ಅಂದರೆ ಜಪಾನಿ ಅಡುಗೆಗೆ ಬುನಾದಿಯಾದ ತಿಳಿಸಾರಿನಲ್ಲಿ. ಮಿಸೊ (ಹುದುಗಿಸಿದ ಸೋಯಾ ಪೇಸ್ಟ್) ಸೂಪಿಗೂ ಅದೇ, ಬೇಯಿಸಿದ ತರಕಾರಿಗೂ ಅದೇ. ಅದಕ್ಕೆ ಸಾಮಾನ್ಯವಾಗಿ ಕತ್ಸುಒಬುಶಿ, ಅಂದರೆ ಒಣಗಿಸಿ ಹೆರೆದ ಮೀನು ಹಾಕುತ್ತಾರೆ. ಸೋಬಾ ನೂಡಲ್ಸ್‌ಗೆ ಹಾಕುವ ತ್ಸುಯು ಎಂಬ ಸಾಸ್ ಬಾಟಲಿಯಲ್ಲೂ ಸಾಮಾನ್ಯವಾಗಿ ಅದು ಇರುತ್ತದೆ. 'ದಾಶಿ ಇರಿ' (ದಾಶಿ ಸೇರಿಸಿದ್ದು) ಎಂದು ಬರೆದ ಮಿಸೊ ಕೂಡ ಬೇಡ.

ಬೌದ್ಧ ಮಠಗಳ ಶೋಜಿನ್ ಅಡುಗೆಯಲ್ಲಿ ಕೊಂಬು (ಒಣಗಿಸಿದ ಕಡಲಕಳೆ) ಮತ್ತು ಒಣ ಶಿಟಾಕೆ ಅಣಬೆಯಿಂದಲೇ ದಾಶಿ ತೆಗೆಯುತ್ತಾರೆ. ನಾನೂ ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿ ನೆನೆಸುತ್ತೇನೆ. ಕುದಿಸಿದರೆ ಲೋಳೆ ಬರುತ್ತದೆ, ಹಾಗಾಗಿ ಕುದಿಯುವ ಮೊದಲೇ ತೆಗೆದುಬಿಡುತ್ತೇನೆ. ರುಚಿ ಚೆನ್ನಾಗಿದೆ, ಆದರೆ ಸ್ವಲ್ಪ ತೆಳು. ಶಿಟಾಕೆ ಜಾಸ್ತಿಯಾದರೆ ಬರೀ ಅಣಬೆ ವಾಸನೆ. ನೀವು ಎಷ್ಟು ಹಾಕುತ್ತೀರಿ? ಬೇರೆ ಏನಾದರೂ ಸೇರಿಸುತ್ತೀರಾ?

ಇನ್ನೊಂದು, ಮಿರಿನ್, ಅಂದರೆ ಅಡುಗೆಗೆ ಸಿಹಿ, ಹೊಳಪು ಕೊಡುವ ಅಕ್ಕಿಯ ಮದ್ಯ. ಹೋನ್ ಮಿರಿನ್‌ನಲ್ಲಿ (ಅಸಲಿ ಮಿರಿನ್) ಸುಮಾರು 14% ಆಲ್ಕೋಹಾಲ್ ಇರುತ್ತದೆ. ಕುದಿಸಿದರೂ ಅತ್ತೆ ಒಪ್ಪುವುದಿಲ್ಲ. ಸಕ್ಕರೆ ಹಾಕಿದರೆ ಸಿಹಿಯೇನೋ ಬರುತ್ತದೆ, ಆ ಹೊಳಪು ಬರುವುದಿಲ್ಲ ಅಲ್ವಾ?

ಶಿಚಿಮಿ ಬಗ್ಗೆ ಮಾತ್ರ ಚಿಂತೆಯಿಲ್ಲ. ಮೆಣಸಿನಕಾಯಿ, ಎಳ್ಳು, ಕಿತ್ತಳೆ ಸಿಪ್ಪೆ, ಸಾನ್ಶೊ ಎಲ್ಲ ಇರುವ ಪುಡಿ ಅದು. ಸಾನ್ಶೊ ನಮ್ಮ ಜುಮ್ಮನಕಾಯಿಯ ಬಳಗದ್ದೇ, ನಾಲಿಗೆ ಜುಮ್ಮೆನ್ನಿಸುತ್ತದೆ. ಅತ್ತೆಗೆ ಖಂಡಿತ ಇಷ್ಟವಾಗುತ್ತದೆ.

ಮೀನಿಲ್ಲದ ತ್ಸುಯು ಒಸಾಕಾದಲ್ಲಿ ಎಲ್ಲಿ ಸಿಗುತ್ತದೆ ಎಂದು ಗೊತ್ತಿದ್ದರೂ ತಿಳಿಸಿ. ಲೇಬಲ್ ಫೋಟೊ ಹಾಕಿದರೆ ಇನ್ನೂ ಒಳ್ಳೆಯದು.