ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಕುಟುಂಬಗಳಿಗೆ ಮಾನಸಿಕ ಆರೋಗ್ಯ ಕ್ಲಿನಿಕ್: ಸ್ಪ್ಯಾನಿಷ್ ಬಂದರೆ ಸಾಕಾ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ ಕ್ಲಿನಿಕ್ ತೆರೆಯುವವರಿದ್ದೇವೆ. ಥೆರಪಿಸ್ಟ್‌ಗಳಿಬ್ಬರಿಗೂ ಸ್ಪ್ಯಾನಿಷ್ ಬರುತ್ತೆ. ಇನ್ನೇನು ಬೇಕು?

ಉತ್ತರ 1: ಫೋನ್ ಎತ್ತುವವರಿಗೂ ಸ್ಪ್ಯಾನಿಷ್ ಬರಬೇಕು; ಜನ ಕೈತಪ್ಪೋದು ಅಲ್ಲೇ. ಆ ಕಡೆ ಹೊಲದಲ್ಲಿ ದುಡಿಯುವ ಎಷ್ಟೋ ಮಂದಿಯ ಮನೆಮಾತು ಮೆಕ್ಸಿಕೋದ ಮೂಲನಿವಾಸಿಗಳ ಭಾಷೆಯಾದ ಮಿಶ್ಟೆಕ್, ಅದಕ್ಕೂ ದುಭಾಷಿ ಗೊತ್ತುಮಾಡಿಕೊಳ್ಳಿ. ಮಕ್ಕಳನ್ನು ದುಭಾಷಿಯಾಗಿ ಕೂರಿಸಬೇಡಿ: ತುರ್ತು ಬಿಟ್ಟರೆ ಫೆಡರಲ್ ನಿಯಮ ಒಪ್ಪಲ್ಲ, ಮಗನೆದುರು ತಾಯಿ ಬಾಯಿಬಿಡೋದೂ ಇಲ್ಲ.

ಉತ್ತರ 2: ಖಿನ್ನತೆ ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯೂ-9 ಸ್ಪ್ಯಾನಿಷ್‌ನಲ್ಲಿ ಉಚಿತವಾಗಿ ಸಿಗುತ್ತೆ. ಬರೀ ಅಂಕ ನಂಬಬೇಡಿ. ಜಗಳ, ಸಾವಿನ ಸುದ್ದಿಯ ಬೆನ್ನಿಗೇ ಚೀರಾಟ, ನಡುಕ, ಎದೆಯಿಂದ ತಲೆಗೇರುವ ಕಾವು ಬಂದರೆ ಅದು ‘ಅಟಾಕೆ ದೆ ನೆರ್ವಿಯೋಸ್’ (ಲ್ಯಾಟಿನೋ ಜನ ‘ನರಗಳ ದಾಳಿ’ ಅಂತ ಕರೆಯುವ ಸ್ಥಿತಿ) ಇರಬಹುದು, ಮಾನಸಿಕ ಕಾಯಿಲೆ ಗುರುತಿಸುವ ಅಮೆರಿಕದ ಕೈಪಿಡಿ ಡಿಎಸ್‌ಎಂ-5ರಲ್ಲೇ ಇದೆ. ಅವಸರದಲ್ಲಿ ಪ್ಯಾನಿಕ್ ಡಿಸಾರ್ಡರ್ ಅಂತ ಬರೆದುಬಿಡಬೇಡಿ.

ಉತ್ತರ 3: ಮೆಡಿ-ಕ್ಯಾಲ್‌ನಲ್ಲಿ (ಕಡಿಮೆ ಆದಾಯದವರಿಗೆ ಕ್ಯಾಲಿಫೋರ್ನಿಯಾದ ಸರ್ಕಾರಿ ಆರೋಗ್ಯ ವಿಮೆ) ಕ್ಲಿನಿಕ್‌ನ ನೋಂದಣಿ ಬೇಗ ಶುರುಮಾಡಿ, ತಿಂಗಳುಗಟ್ಟಲೆ ಎಳೆಯುತ್ತೆ. ಮೊದಲ ಭೇಟಿಯ ಫಾರಂನಲ್ಲಿ ವಲಸೆ ಸ್ಥಿತಿಯ ಕಾಲಂ ಬೇಡವೇ ಬೇಡ. ಅದನ್ನು ನೋಡಿದವರು ಮತ್ತೆ ಬರಲ್ಲ.